ಕತ್ತಲಲ್ಲಿ ಗಾಡಿ ಓಡಿಸುತ್ತೀರಾ?

ಮೈಸೂರು
12 ನವೆಂಬರ್ 2024

ಮಾವನಿಗೆ ಪ್ರಿಯಾಂಕಳ ನಮಸ್ಕಾರಗಳು.

ಕೈಯಲ್ಲಿ ಫೋನಿರುವಾಗ ಈ ಹುಡುಗಿ ಯಾಕೆ ಕಾಗದ ಬರೆದಳು ಎಂದು ಅತ್ತೆ ಗಾಬರಿಪಡುವುದು ಬೇಡ. ನಿಮ್ಮ ಬಲಗಣ್ಣಿನ ಪೊರೆ ತೆಗೆದು ಒಂದೂವರೆ ತಿಂಗಳಾಯಿತು, ಎಡಗಣ್ಣಿನದು ತೆಗೆದು ಇವತ್ತಿಗೆ ಹದಿನೈದು ದಿನ. ಫೋನಿನಲ್ಲಿ ಕೇಳಿದರೆ "ಎಲ್ಲ ಸಂದಾಕ್ ಕಾಣ್ತದೆ ಕಣವ್ವ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀರಿ. ಅದಕ್ಕೇ ಈ ಪರೀಕ್ಷೆ. ಬೇಕೆಂದೇ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಕೊನೆಗೆ ಹೋಗುವಷ್ಟರಲ್ಲಿ ಇನ್ನೂ ಸಣ್ಣದು ಮಾಡುತ್ತೇನೆ. ಕನ್ನಡಕವಿಲ್ಲದೆ, ಅತ್ತೆಯ ಕೈಗೆ ಕೊಡದೆ ನೀವೇ ಓದಬೇಕು. ಓದಿದ್ದಕ್ಕೆ ಗುರುತಾಗಿ ನಿಮ್ಮ ಕೈಬರಹದಲ್ಲೇ ಉತ್ತರ ಬರಬೇಕು.

ಗಂಜಾಂನಲ್ಲಿ ಅಮ್ಮ ನೀರಿಗೆ ಬಂದವರಿಗೆಲ್ಲ ಹೇಳುತ್ತಿದ್ದಾಳಂತೆ, ತಮ್ಮನಿಗೆ ತನ್ನ ಮಗಳೇ ಕಣ್ಣು ತರಿಸಿಕೊಟ್ಟಳು ಎಂದು. ನಾನು ಆಪರೇಷನ್ ಮಾಡುವವಳಲ್ಲ, ಬಂದವರನ್ನು ಕೂರಿಸಿಕೊಂಡು ಯಾವ ಲೆನ್ಸು ಹಾಕಿಸಿದರೆ ಏನು ಅನುಕೂಲ ಎಂದು ವಿವರಿಸುವ ಕೌನ್ಸೆಲರ್ ಅಷ್ಟೇ ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ಈ ಆಸ್ಪತ್ರೆಗೆ ಸೇರಿ ಎರಡು ವರ್ಷವಾಯಿತು. ನನ್ನವರು ಅಂತ ಒಬ್ಬರಿಗೆ ಹಾಕಿಸಿದ್ದು ಇದೇ ಮೊದಲು.

ಅಜ್ಜಿಯ ಕಣ್ಣಿನ ಕಥೆ ನೀವೇ ಹೇಳುತ್ತಿದ್ದಿರಿ. ಕ್ಯಾಂಪಿನಲ್ಲಿ ಪೊರೆ ತೆಗೆದು, ಒಳಗೆ ಏನೂ ಇಡದೆ, ಸೋಡಾ ಬಾಟಲಿ ತಳದಂಥ ಕನ್ನಡಕ ಕೊಟ್ಟು ಕಳಿಸಿದ್ದರು; ದೂರದ ಚೊಂಬನ್ನು ಹತ್ತಿರವಿದೆ ಎಂದುಕೊಂಡು ಗಾಳಿಯಲ್ಲಿ ಕೈ ಆಡಿಸುತ್ತಿದ್ದಳು ಎಂದು. ಈಗ ನೋಡಿ, ಸುರುಳಿ ಸುತ್ತಿದ ಲೆನ್ಸು ಅಕ್ಕಿಕಾಳಿನಷ್ಟೂ ಇಲ್ಲದ ಗಾಯದಲ್ಲಿ ತೂರಿ ಒಳಗೆ ಹೋಗಿ ತಾನೇ ಬಿಚ್ಚಿಕೊಳ್ಳುತ್ತದೆ. ಸಾದಾ ಲೆನ್ಸಿನಲ್ಲಿ ದೂರದ್ದು ಮಾತ್ರ ಕಾಣುತ್ತದೆ, ಓದಲು ಕನ್ನಡಕ ಬೇಕು. ನಿಮ್ಮದರಲ್ಲಿ ಈರುಳ್ಳಿ ಕೊಯ್ದಾಗ ಕಾಣುವಂಥ ಸಣ್ಣ ಬಳೆಗಳಿವೆ. ದೂರದ್ದು, ನಡುವಿನದ್ದು, ಹತ್ತಿರದ್ದು ಎಲ್ಲಕ್ಕೂ ಅದೇ.

ದೀಪದ ಸುತ್ತ ಬಳೆಬಳೆಯಾಗಿ ಕಂಡರೆ ಹೆದರಬೇಡಿ. ಕೆಲವು ವಾರ ಹಾಗಿರುತ್ತದೆ. ಹನಿ ಬಿಡುವುದನ್ನು ತಪ್ಪಿಸಬೇಡಿ. ತಲೆಗೆ ನೀರು ಹಾಕಿಕೊಳ್ಳಲು ಅವಸರ ಮಾಡಬೇಡಿ.

ಇಲ್ಲಿಯವರೆಗೆ ಓದಿದ್ದರೆ ನೀವು ಪಾಸು.

ನಿಮ್ಮ
ಪ್ರಿಯಾಂಕ

*

ಕ್ಯಾತನಹಳ್ಳಿ
24 ನವೆಂಬರ್ 2024

ಮಗಳು ಪ್ರಿಯಾಂಕಳಿಗೆ ನಿನ್ನ ಮಾವ ಚಿಕ್ಕಸ್ವಾಮಿಯ ಆಶೀರ್ವಾದ.

ಕಾಗದ ಪೂರ್ತಿ ಓದಿದೆ. ಕೊನೆಯ ಸಾಲನ್ನು ಇರುವೆ ಹರಿದ ಹಾಗೆ ಬರೆದಿದ್ದೀಯೆ, ಅದನ್ನೂ ಓದಿದೆ. ನಿಮ್ಮತ್ತೆ ಹಿಂದೆ ನಿಂತು ನೋಡುತ್ತಿದ್ದಳು. "ಸುಳ್ಳ್ ಓದ್ತಾವ್ರೆ, ಮನ್ಸಿಂದ ಹೇಳ್ತಾವ್ರೆ" ಅಂದಳು. ಆಮೇಲೆ ಅವಳ ಕಾಲ್ಗೆಜ್ಜೆಯ ಕೊಂಡಿ ಸವೆದಿರುವುದನ್ನು ಕೂತಲ್ಲಿಂದಲೇ ಹೇಳಿದೆ, ಬಗ್ಗಿ ನೋಡಿಕೊಂಡಳು.

ಹತ್ತು ವರ್ಷದಿಂದ ಏನೇನು ಕಾಣುತ್ತಿರಲಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಡೇರಿಯಲ್ಲಿ ಕ್ಯಾನಿನ ಮೇಲೆ ಬರೆದ ನಂಬರು ನಾನೇ ಓದುತ್ತೇನೆ. ಕಬ್ಬಿನ ಗರಿಯ ಅಂಚಿನಲ್ಲಿ ಬಿಳೀ ನೂಲಿನಂಥದ್ದು ಇರುತ್ತದಲ್ಲ, ಅದೂ ಕಾಣುತ್ತದೆ. ನಾಲೆ ಸೇತುವೆ ಹತ್ತಿರದ ಗೌರಮ್ಮ ನಿನಗೂ ಗೊತ್ತು, ನಿನ್ನ ಪರೀಕ್ಷೆ ದಿನ ನನ್ನ ಹಾಲಿನ ಗಾಡಿಯಲ್ಲಿ ಕರೆದುಕೊಂಡು ಹೋಗುವಾಗ ನಿನಗೆ ಸೀಬೆಹಣ್ಣು ಕೊಟ್ಟಿದ್ದಳು. ಅವರದು ತೋಟದ ಮನೆ, ಡೇರಿ ದೂರ. ಹದಿನಾಲ್ಕು ವರ್ಷದಿಂದ ಕ್ಯಾನು ಹೊತ್ತು ರಸ್ತೆಗೆ ಬಂದು ನಿಂತಿರುತ್ತಾಳೆ, ನಾನು ಗಾಡಿ ನಿಲ್ಲಿಸಿ ಹಾಕಿಕೊಳ್ಳುತ್ತೇನೆ. ಮೊನ್ನೆ ನನ್ನ ಮುಖ ನೋಡಿ, "ಏನ್ ಚಿಕ್ಕಸಾಮಣ್ಣ, ಕನ್ನಡ್ಕ ಎಲ್ ಕಳ್ಕಂಡೆ?" ಅಂದಳು. "ಕಳ್ದಿಲ್ಲ ಕಣವ್ವ, ಬುಟ್ಬುಟ್ಟೆ" ಅಂದೆ. ನಗಾಡಿದಳು.

ಒಂದು ವಿಷಯ ಕೇಳಬೇಕು. ನಾನು ಗಾಡಿ ತೆಗೆಯುವುದು ಬೆಳಗಿನ ಜಾವ ಐದಕ್ಕೆ, ಪೂರಾ ಕತ್ತಲು. ಈಗ ಕಬ್ಬಿನ ಕಾಲ, ಎದುರಿಗೆ ಟ್ರಾಕ್ಟರುಗಳು ಬರುತ್ತವೆ. ಅವುಗಳ ಬಿಳೀ ಲೈಟು ಕಣ್ಣಿಗೆ ಬಿದ್ದರೆ ಬಳೆಯೊಳಗೆ ಬಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹಿಂದೆ ಏನಿದೆ ಕಾಣುವುದಿಲ್ಲ. ಟ್ರಾಕ್ಟರು ದಾಟಿದ ಮೇಲೆ ಸರಿಹೋಗುತ್ತದೆ. ಪೊರೆ ಇದ್ದಾಗ ಎಲ್ಲ ಮಬ್ಬಾಗಿತ್ತು, ನಿಧಾನಕ್ಕೆ ಹೋಗುತ್ತಿದ್ದೆ. ಇದು ಹಾಗಲ್ಲ, ಚೆನ್ನಾಗಿ ಕಾಣುತ್ತಿರುವಾಗಲೇ ಇದ್ದಕ್ಕಿದ್ದಂತೆ ಏನೂ ಇಲ್ಲ.

ಸ್ವಲ್ಪ ದಿನ ಗಾಡಿ ಬಿಟ್ಟಿರಲೇ? ನನ್ನ ಅಣ್ಣನ ಮಗ ಲೋಕೇಶ ಓಡಿಸುತ್ತೇನೆ ಅನ್ನುತ್ತಾನೆ. ಡಾಕ್ಟರನ್ನು ಒಂದು ಮಾತು ಕೇಳಿ ತಿಳಿಸು. ನೀನು ಹೇಗೆ ಹೇಳಿದರೆ ಹಾಗೆ.

ಇಂತಿ
ಚಿಕ್ಕಸ್ವಾಮಿ

*

ಮೈಸೂರು
9 ಡಿಸೆಂಬರ್ 2024

ಮಾವ,

ಉತ್ತರ ತಡವಾಯಿತು. ಇಲ್ಲಿ ಬಿಡುವೇ ಇಲ್ಲ. ಹೋದ ತಿಂಗಳು ನಮ್ಮ ಕೌನ್ಸೆಲರ್‌ಗಳಲ್ಲಿ ನನಗೇ ಮೊದಲ ಸ್ಥಾನ ಬಂತು. ನೋಟಿಸ್ ಬೋರ್ಡಿನಲ್ಲಿ ಫೋಟೊ ಹಾಕಿದ್ದಾರೆ. ಅಮ್ಮನಿಗೆ ಕಳಿಸಿದ್ದೆ, ನಿಮಗೂ ತೋರಿಸಿರಬೇಕು.

ನಿಮ್ಮ ಅಕ್ಷರ ಎಷ್ಟು ಮುದ್ದಾಗಿದೆ! ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ ತೋರಿಸಿದೆ, ಎರಡನೆಯ ಹಾಳೆಯನ್ನು ಬಿಟ್ಟು.

ಡಾಕ್ಟರನ್ನು ಕೇಳಿದೆ. ಬಳೆ ಕಾಣುವುದು ಸಹಜ, ಮೂರು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಎಂದರು. ಗಾಡಿ ನಿಲ್ಲಿಸುವುದೇನೂ ಬೇಡ. ಎದುರಿಗೆ ಲೈಟು ಬಂದಾಗ ಸ್ವಲ್ಪ ನಿಧಾನ ಮಾಡಿ, ಸಾಕು.

ಸಂಕ್ರಾಂತಿಗೆ ಬರುತ್ತೇನೆ. ಅತ್ತೆಗೆ ಹೇಳಿ.

ಪ್ರಿಯಾಂಕ

*

ಮೈಸೂರು
21 ಜನವರಿ 2025

ಮಾವ,

ಹನ್ನೆರಡು ದಿನದಿಂದ ನಿಮ್ಮ ಫೋನಿಗೆ ಮಾಡುತ್ತಿದ್ದೇನೆ. ಅದು ಪೊಲೀಸ್ ಸ್ಟೇಷನ್ನಿನಲ್ಲಿದೆ ಎಂದು ಅಮ್ಮ ಹೇಳಿದ ಮೇಲೂ ಮಾಡಿದೆ.

ಭಾನುವಾರ ಬಂದಿದ್ದೆ. ನೀವು ಕೊಟ್ಟಿಗೆಯಲ್ಲಿ ಕೂತಿದ್ದೀರಿ, ಬಾಗಿಲು ಹಾಕಿಕೊಂಡಿದ್ದೀರಿ ಎಂದು ಅತ್ತೆ ಹೇಳಿದರು. ಹೊರಗೆ ನಿಂತು ಕರೆದೆ. ಎಮ್ಮೆ ಮೇವು ಎಳೆಯುವ ಸದ್ದು ಕೇಳಿಸಿತು, ನಿಮ್ಮದು ಕೇಳಿಸಲಿಲ್ಲ. ಗೌರಮ್ಮನವರ ಮನೆ ಕಡೆಗೆ ಹೋಗುವಷ್ಟು ಧೈರ್ಯ ನನಗೆ ಬರಲಿಲ್ಲ. ಸಂಜೆ ಬಸ್ಸಿಗೆ ವಾಪಸು ಬಂದೆ.

ಜನ ಅಡ್ಡ ಬಂದಾಗ ಯಾರು ತಾನೇ ಏನು ಮಾಡಲು ಸಾಧ್ಯ? ಮಂಜು ಬೇರೆ ಇತ್ತಂತೆ. ನೀವು ಬೇಕೆಂದು ಮಾಡಿದ್ದಲ್ಲ ಎಂದು ಇಡೀ ಊರಿಗೆ ಗೊತ್ತು.

ಮಾವ, ಒಂದು ಮಾತು. ನಿಮ್ಮ ಕಣ್ಣಿನ ಆಪರೇಷನ್ ವಿಷಯ ಪೊಲೀಸರ ಹತ್ತಿರ, ವಕೀಲರ ಹತ್ತಿರ ಏನಾದರೂ ಹೇಳಿದ್ದೀರಾ? ಹೇಳಿರದಿದ್ದರೆ ಹೇಳಬೇಡಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸುಮ್ಮನೆ ಕೇಸು ಸಿಕ್ಕಾಗುತ್ತದೆ. ನನ್ನ ಹಳೆಯ ಕಾಗದಗಳು ಮನೆಯಲ್ಲಿದ್ದರೆ ತೆಗೆದುಬಿಡಿ.

ಊಟ ಬಿಡಬೇಡಿ.

ಪ್ರಿಯಾಂಕ

*

ಕ್ಯಾತನಹಳ್ಳಿ
3 ಫೆಬ್ರವರಿ 2025

ಪ್ರಿಯಾಂಕಳಿಗೆ,

ನೀನು ಬಾಗಿಲ ಹೊರಗೆ ಕರೆದದ್ದು ಕೇಳಿಸಿತು. ಎದ್ದು ಬರಲು ಆಗಲಿಲ್ಲ.

ಅಡ್ಡ ಬಂದಾಗ ಅಂತ ಬರೆದಿದ್ದೀಯೆ. ಅಡ್ಡ ಬರಲಿಲ್ಲ. ಯಾರು ಏನು ಹೇಳಿದರೂ ನೀನಾದರೂ ಸರಿಯಾಗಿ ತಿಳಿದುಕೊಂಡಿರಲಿ ಅಂತ ಬರೆಯುತ್ತೇನೆ. ಒಂದು ಸಲ ಬರೆಯುತ್ತೇನೆ.

ಜನವರಿ ಒಂಬತ್ತು, ಗುರುವಾರ. ಮಂಜು ಇತ್ತು, ಆದರೆ ತಪ್ಪನ್ನು ಮಂಜಿನ ಮೇಲೆ ಹಾಕುವಷ್ಟು ಇರಲಿಲ್ಲ. ಆರು ಕ್ಯಾನು ಹಾಕಿಕೊಂಡು ಸೇತುವೆ ಇಳಿದೆ. ಎದುರಿಗೆ ಕಬ್ಬಿನ ಟ್ರಾಕ್ಟರು, ಅದರ ಹಿಂದೆ ಇನ್ನೊಂದು. ಲೈಟು ಬಿಚ್ಚಿಕೊಂಡಿತು. ರಸ್ತೆ ಇಲ್ಲ, ಅಂಚು ಇಲ್ಲ, ಬರೀ ಬಳೆ. ಬ್ರೇಕಿನ ಮೇಲೆ ಕಾಲಿಟ್ಟೆ. ಟ್ರಾಕ್ಟರಿಗೆ ಜಾಗ ಕೊಡೋಣ ಅಂತ ಎಡಕ್ಕೆ ಒಂದು ಮೊಳ ಒತ್ತಿದೆ. ಗೌರಮ್ಮ ಎಡಕ್ಕೇ ನಿಲ್ಲುತ್ತಾಳೆ, ದಿನಾ ನಿಲ್ಲುವ ಜಾಗ, ಅದು ನನಗೆ ಗೊತ್ತು. ಆ ಬೆಳಕಿನಲ್ಲಿ ಅಲ್ಲಿಗೆ ಬಂದಿದ್ದೇನೆ ಅಂತ ಗೊತ್ತಾಗಲಿಲ್ಲ. ಇನ್ನೂ ಹಿಂದಿದ್ದೇನೆ ಅಂದುಕೊಂಡಿದ್ದೆ. ಮೊದಲು ಕೇಳಿದ್ದು ಕ್ಯಾನಿನ ಸದ್ದು.

ಇಳಿದು ನೋಡಿದೆ. ಮಾತು ಇತ್ತು ಅವಳಿಗೆ. "ಚಿಕ್ಕಸಾಮಣ್ಣ, ನಾ ಇಲ್ಲೇ ನಿಂತಿದ್ನಲ್ಲಪ್ಪ" ಅಂದಳು. ಬೈಯುವ ಹಾಗೆ ಅಲ್ಲ. ಏನೋ ಲೆಕ್ಕ ತಪ್ಪಿದ್ದಕ್ಕೆ ಕೇಳುವ ಹಾಗೆ. ಟ್ರಾಕ್ಟರಿನವನು ಓಡಿಬಂದ. ಇಬ್ಬರೂ ಸೇರಿ ನನ್ನ ಗಾಡಿಗೇ ಹಾಕಿದೆವು. ಅವನೇ ಓಡಿಸಿದ, ನಾನು ಹಿಂದೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಾಂಡವಪುರದ ಆಸ್ಪತ್ರೆ ತಲುಪುವ ಹೊತ್ತಿಗೆ ಬೆಳಕಾಗಿತ್ತು. ಅಷ್ಟೊತ್ತಿಗೆ ಮುಗಿದಿತ್ತು. ಬೆಳಕಿನಲ್ಲಿ ಅವಳ ಮುಖ ನನಗೆ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಅದನ್ನು ಬರೆಯುವುದಿಲ್ಲ.

ಸ್ಟೇಷನ್ನಿನಲ್ಲಿ "ಕಾಣ್ಲಿಲ್ಲ ಸಾ" ಅಂದೆ. ಯಾಕೆ ಕಾಣಲಿಲ್ಲ ಅಂದರು. ಕಣ್ಣಿಗೆ ಹೊಸಾ ಲೆನ್ಸು ಹಾಕಿಸಿದ್ದೀನಿ, ಲೈಟು ಬಿದ್ದರೆ ಹಿಂಗಿಂಗಾಗುತ್ತದೆ ಅಂದೆ. ಬರೆದುಕೊಂಡರು. ಅವತ್ತೇ ಜಾಮೀನು ಸಿಕ್ಕಿತು. ವಕೀಲ ದಿಲೀಪ್ ತಲೆ ಚಚ್ಚಿಕೊಂಡ. "ಆಯಮ್ಮ ಅಡ್ಡ ಬಂದ್ಲು ಅಂದಿದ್ರೆ ಆಗೋಗದು" ಅಂದ. ನಮ್ಮ ಕಡೆಯ ಹಿರಿಯರು ಕೂತು ಪಂಚಾಯ್ತಿ ಮಾಡಿ ಮುಗಿಸಿಬಿಡೋಣ ಅಂದರು. ಬೇಡ ಅಂದೆ. ನಿಂತಿದ್ದವಳನ್ನು ಅಡ್ಡ ಬಂದಳು ಅನ್ನಲು ನನ್ನ ನಾಲಗೆ ಹೊರಳುವುದಿಲ್ಲ.

ಈಗ ನೀನು ಹೇಳು. ನೀನು ಡಾಕ್ಟರನ್ನು ಕೇಳಿ, ಅವರು ಓಡಿಸಬಹುದು ಅಂದಿದ್ದರಲ್ಲ. ಹಾಗಿದ್ದ ಮೇಲೆ ಇದನ್ನು ಬಚ್ಚಿಡು ಅಂತ ಯಾಕೆ ಬರೆದೆ? ಇದರಲ್ಲಿ ನಿನ್ನದೇನಿದೆ ಮಗ?

ಚಿಕ್ಕಸ್ವಾಮಿ

*

ಮೈಸೂರು
17 ಫೆಬ್ರವರಿ 2025

ಮಾವ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನು ಡಾಕ್ಟರನ್ನು ಕೇಳಿರಲಿಲ್ಲ. ಕೇಳಿದ್ದರೆ ನಿಮ್ಮ ಫೈಲು ತೆಗೆಯುತ್ತಿದ್ದರು. ತೆಗೆದರೆ ನಾನು ಮಾಡಿದ್ದು ಕಾಣುತ್ತಿತ್ತು.

ಆ ಲೆನ್ಸು ಹಾಕುವ ಮುಂಚೆ ಒಂದು ಫಾರಂ ತುಂಬಬೇಕು. ಹನ್ನೊಂದು ಪ್ರಶ್ನೆ. ಏಳನೆಯದು, "ಕತ್ತಲಲ್ಲಿ ಗಾಡಿ ಓಡಿಸುತ್ತೀರಾ?" ಹೌದು ಎಂದಿದ್ದರೆ ನಮ್ಮ ಡಾಕ್ಟರು ಆ ಲೆನ್ಸು ಹಾಕುವುದಿಲ್ಲ, ಸಾದಾದ್ದೇ ಹಾಕುತ್ತಾರೆ. ಕಾರಣ ನನಗೆ ತರಬೇತಿಯಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು. ಆ ಲೆನ್ಸು ಒಳಗೆ ಬಂದ ಬೆಳಕನ್ನು ದೂರಕ್ಕಿಷ್ಟು, ನಡುವಿಗಿಷ್ಟು, ಹತ್ತಿರಕ್ಕಿಷ್ಟು ಎಂದು ಪಾಲು ಮಾಡುತ್ತದೆ. ಹಗಲಲ್ಲಿ ಬೆಳಕು ಧಾರಾಳವಾಗಿರುತ್ತದೆ, ಪಾಲಾದರೂ ಸಾಲುತ್ತದೆ. ಕತ್ತಲಲ್ಲಿ ಇರುವುದೇ ಚೂರು. ಅದರ ಮೇಲೆ ಎದುರಿನ ಲೈಟು ಬಿದ್ದರೆ ಬಳೆಗಳು. ಬಹಳ ಜನಕ್ಕೆ ಕ್ರಮೇಣ ಕಡಿಮೆಯಾಗುತ್ತದೆ. ಕೆಲವರಿಗೆ ಆಗುವುದಿಲ್ಲ. ಮುಂಜಾನೆ ಗಾಡಿ ಓಡಿಸುವವನಿಗೆ ಇದು ಆಗಿಬರುವುದಲ್ಲ ಎಂದು ನನಗೆ ಗೊತ್ತಿತ್ತು. ನಾನು ಪರೀಕ್ಷೆಗೆ ಹೋಗಿದ್ದೇ ಆ ಗಾಡಿಯಲ್ಲಿ.

ಅವತ್ತು ನಿಮಗೆ ಪಾಪೆ ಹಿಗ್ಗಿಸುವ ಹನಿ ಬಿಟ್ಟಿದ್ದರು. ನಿಮಗೆ ಅಕ್ಷರ ಕಾಣುತ್ತಿರಲಿಲ್ಲ. "ಎಲ್ಲಿ ಸೈನ್ ಮಾಡ್ಲವ್ವ" ಎಂದು ಕೇಳಿದಿರಿ. ನಾನು ನಿಮ್ಮ ಬೆರಳು ಹಿಡಿದು ಜಾಗ ತೋರಿಸಿದೆ. ಏಳನೆಯ ಪ್ರಶ್ನೆಗೆ "ಇಲ್ಲ" ಎಂದು ಅಷ್ಟರಲ್ಲಾಗಲೇ ಗುರುತು ಹಾಕಿಯಾಗಿತ್ತು. ಕೇಳದೆ ಹಾಕಿದೆ.

ಯಾಕೆ ಎಂದರೆ, ನಮ್ಮ ಕೋಣೆಯಲ್ಲಿ ಒಂದು ಬೋರ್ಡಿದೆ. ಈ ಥರದ ಲೆನ್ಸು ಯಾರು ಎಷ್ಟು ಜನಕ್ಕೆ ಒಪ್ಪಿಸಿದರು ಎಂದು ಹೆಸರಿನ ಮುಂದೆ ಬರೆಯುತ್ತಾರೆ. ಎರಡು ತಿಂಗಳಿಂದ ನನ್ನ ಹೆಸರು ತಳದಲ್ಲಿತ್ತು. ಒಂದು ಕಾರಣ ಅದು. ನಿಮಗೆ ಇರುವುದರಲ್ಲಿ ಒಳ್ಳೆಯದನ್ನೇ ಹಾಕಿಸಬೇಕು, ನೀವು ಕನ್ನಡಕ ಹುಡುಕುವುದು ತಪ್ಪಬೇಕು ಎಂಬ ಆಸೆಯೂ ಇತ್ತು. ಎರಡೂ ನಿಜ. ಯಾವುದು ಎಷ್ಟು ಎಂದು ಈಗ ನನಗೇ ಹೇಳಲು ಬರುವುದಿಲ್ಲ.

ಅಷ್ಟಾದ ಮೇಲೂ ನವೆಂಬರಿನಲ್ಲಿ ನೀವು ಗಾಡಿ ಬಿಡಲೇ ಎಂದು ಕೇಳಿದಿರಿ. ಹೂಂ ಎಂದು ಒಂದು ಅಕ್ಷರ ಬರೆದಿದ್ದರೆ ಸಾಕಿತ್ತು. ನಾನು ನಿಮ್ಮ ಕಾಗದದ ಎರಡನೆಯ ಹಾಳೆಯನ್ನು ಬ್ಯಾಗಿನ ಒಳಜೇಬಿಗೆ ಹಾಕಿ, ಫೋಟೊ ಬಂದ ಸುದ್ದಿ ಬರೆದೆ.

ಪೊಲೀಸರು ಈಗ ಆಸ್ಪತ್ರೆಯಿಂದ ನಿಮ್ಮ ಫೈಲು ಕೇಳಿದ್ದಾರೆ. ಅದರಲ್ಲಿ "ಇಲ್ಲ" ಎಂದಿದೆ, ಕೆಳಗೆ ನಿಮ್ಮ ಸಹಿಯಿದೆ. ಆ ಕಾಗದ ನೀವು ಸುಳ್ಳುಗಾರ ಎಂದು ಹೇಳುತ್ತದೆ.

ನಾನು ಏನು ಮಾಡಬೇಕು ಹೇಳಿ. ಬೈದಾದರೂ ಬರೆಯಿರಿ.

ಪ್ರಿಯಾಂಕ

*

ಕ್ಯಾತನಹಳ್ಳಿ
12 ಮಾರ್ಚ್ 2025

ಪ್ರಿಯಾಂಕ,

ನಾನು ನಿಮ್ಮತ್ತೆ ಪ್ರಮೀಳಾ. ನನಗೆ ಕಾಗದ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕಾಗದ ನಿಮ್ಮ ಮಾವ ಜಗುಲಿಯಲ್ಲಿ ಕೂತು ಓದಿದರು. ಮೂರು ಸಲ ಓದಿದರು. ಆಮೇಲೆ ಒಲೆಗೆ ಹಾಕು ಅಂತ ನನ್ನ ಕೈಗೆ ಕೊಟ್ಟು ಹೊಲಕ್ಕೆ ಹೋದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಎರಡು ವಾರ ಹೊಲ, ಮನೆ ಅಷ್ಟೇ. ಹೋದ ಸೋಮವಾರ ಬಿಳಿ ಅಂಗಿ ಹಾಕಿಕೊಂಡು ಪಾಂಡವಪುರಕ್ಕೆ ಹೋದರು. ಸ್ಟೇಷನ್ನಿನಲ್ಲಿ ಬರೆದುಕೊಟ್ಟು ಬಂದಿದ್ದಾರೆ. ಆಸ್ಪತ್ರೆಯಲ್ಲಿ ಕೇಳಿದಾಗ ನಾನೇ ಗಾಡಿ ಓಡಿಸಲ್ಲ ಅಂತ ಸುಳ್ಳು ಹೇಳಿದೆ, ಒಳ್ಳೆ ಲೆನ್ಸು ಸಿಗಲಿ ಅಂತ ಹೇಳಿದೆ, ಹುಡುಗಿಯದೇನೂ ತಪ್ಪಿಲ್ಲ ಅಂತ. ದಿಲೀಪ್ ಮನೆಗೆ ಬಂದು ಕೂಗಾಡಿದ. ಇನ್ನು ಕೋರ್ಟಿನಲ್ಲಿ ಯಾವ ದಾರಿಯೂ ಇಲ್ಲವಂತೆ. ನಾನು ಕೇಳಿದ್ದಕ್ಕೆ, "ನಮ್ಮಕ್ಕ ಗಂಡ್ನ ಕಳ್ಕಂಡು ಆ ಒಂದ್ ಮಗೀನ ಸಾಕವ್ಳೆ. ಆ ಮಗಿನ ಬದ್ಕು ಹಾಳಾಗದ್ ಬ್ಯಾಡ. ನಂದು ಹೆಂಗೂ ಆಗೋಗದೆ" ಅಂದರು.

ಅವತ್ತು ಆಸ್ಪತ್ರೆಯಲ್ಲಿ ಅವರ ಪಕ್ಕದ ಕುರ್ಚಿಯಲ್ಲಿ ನಾನೂ ಕೂತಿದ್ದೆ. ನೀನು ಸೀರೆ ಚೆನ್ನಾಗಿದೆ ಅತ್ತೆ ಅಂದೆ. ಗಾಡಿ ವಿಷಯ ಕೇಳಲಿಲ್ಲ. ನಾನು ಅದನ್ನು ಪೊಲೀಸರಿಗೆ ಹೇಳುತ್ತೇನೆ ಅಂದರೆ ನಿಮ್ಮ ಮಾವ, ಹೇಳಿದರೆ ನಿನ್ನ ಕೈಯ ಅನ್ನ ಮುಟ್ಟಲ್ಲ ಅಂದರು.

ಗೌರಮ್ಮ ನನ್ನ ಜೊತೆ ಸ್ತ್ರೀಶಕ್ತಿ ಸಂಘದಲ್ಲಿದ್ದಳು. ಹೋದ ವಾರ ಅವಳ ಮಗಳು ಲತ ಬಂದು ಪುಸ್ತಕದಿಂದ ಅವಳ ಹೆಸರು ತೆಗೆಸಿದಳು. ನಾನು ಅಲ್ಲೇ ಕೂತಿದ್ದೆ. ಆ ಹುಡುಗಿ ನನ್ನ ಮುಖ ನೋಡಲಿಲ್ಲ.

ನೀನು ಹಿಂಗೆ ಮಾಡು ಅಂತ ನಾನು ಹೇಳುವುದಿಲ್ಲ. ಕಾಗದವನ್ನು ಒಲೆಗೆ ಹಾಕಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ಅದು ನಿನ್ನದು.

ಪ್ರಮೀಳಾ

*

ಗಂಜಾಂ
6 ಏಪ್ರಿಲ್ 2025

ಮಾವನಿಗೂ ಅತ್ತೆಗೂ,

ವಿಳಾಸ ನೋಡಿ ತಿಳಿದಿರಬೇಕು. ಕೆಲಸ ಹೋಯಿತು. ಅಮ್ಮನ ಜೊತೆ ಇದ್ದೇನೆ.

ಮಾರ್ಚ್ ಇಪ್ಪತ್ತನಾಲ್ಕನೇ ತಾರೀಕು, ಮೊದಲು ನಮ್ಮ ಡಾಕ್ಟರ ಹತ್ತಿರ ಹೋದೆ. ಎಲ್ಲ ಹೇಳಿದೆ. ಅವರು ಫೈಲು ತರಿಸಿ ಏಳನೆಯ ಪ್ರಶ್ನೆಯನ್ನು ನೋಡಿದರು. "ನಾನೂ ಒಂದು ಮಾತು ಬಾಯಲ್ಲಿ ಕೇಳಬೇಕಿತ್ತು, ಫಾರಂ ನೋಡಿ ಬಿಟ್ಟುಬಿಟ್ಟೆ" ಎಂದರು. ಸಂಜೆಯೊಳಗೆ ಆಫೀಸಿನಿಂದ ಪತ್ರ ಬಂತು. ಮಾರನೆಯ ದಿನ ಪಾಂಡವಪುರದ ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟೆ. ಅತ್ತೆ ಕಳಿಸಿದ ನನ್ನ ಕಾಗದವನ್ನೂ, ನಿಮ್ಮ ನವೆಂಬರಿನ ಕಾಗದದ ಎರಡನೆಯ ಹಾಳೆಯನ್ನೂ ಕೊಟ್ಟೆ. ನೀವು ಬರೆದುಕೊಟ್ಟಿದ್ದು ಸುಳ್ಳು ಎಂದೂ ಹೇಳಿದೆ. ನನ್ನ ಮೇಲೂ ಕೇಸಾಗಬಹುದು ಎಂದರು. ಆಗಲಿ.

ಅಲ್ಲಿಂದ ನೇರ ಗೌರಮ್ಮನವರ ಮನೆಗೆ ಹೋದೆ. ನಿಮ್ಮನ್ನು ಕೇಳಿ ಹೋಗಬೇಕಿತ್ತೇನೋ. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ.

ಅವರ ಯಜಮಾನರು ಚಿಕ್ಕಸಿದ್ದಯ್ಯನವರು ಹಸುವಿಗೆ ನೀರು ಕುಡಿಸುತ್ತಿದ್ದರು. ನಾನು ಯಾರು ಎಂದು ಹೇಳಿದೆ. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿಂತೇ ಹೇಳಿದೆ. ಲೆನ್ಸು, ಫಾರಂ, ಗುರುತು, ಡಿಸೆಂಬರಿನ ಸುಳ್ಳು. ಅವರು ಬಕೆಟ್ಟು ಕೆಳಗಿಟ್ಟು ಕೇಳಿಸಿಕೊಂಡರು.

"ಅಂಗಾರೆ ನನ್ ಹೆಂಡ್ರು ನಿನ್ ಕಾಗ್ದದಲ್ಲಿ ಒಂದ್ ಗೀಟು ಅನ್ನು" ಎಂದರು.

ಆಮೇಲೆ ಅವರೇ ಮತ್ತೆ ಕೇಳಿದರು.

"ಇದ್ನ ಹೇಳು ಅಂತ ನಿಮ್ ಮಾವ ಕಳ್ಸವ್ನಾ? ಕೇಸಿಂದ ಬಚಾವಾಗಕ್ಕೆ?"

ಇಲ್ಲ, ಅವರು ನನ್ನನ್ನು ಉಳಿಸಲು ಸುಳ್ಳು ಬರೆದುಕೊಟ್ಟಿದ್ದಾರೆ ಎಂದೆ. ಅವರು ನಂಬಲಿಲ್ಲ. "ಒಬ್ರು ಮಾಡದು, ಇನ್ನೊಬ್ರು ಒತ್ಕಳದು. ನಿಮ್ ನಿಮ್ಮಲ್ಲೇ ಹಂಚ್ಕೊಂಬುಡಿ. ನಮ್ಗೆ ಏನ್ ಉಳೀತು?" ಎಂದರು. ಲತ ಒಳಗಿಂದ ಬಂದಳು. ನನ್ನ ವಯಸ್ಸಿನವಳೇ. "ಅಕ್ಕ, ನಮ್ಮವ್ವಂಗೆ ಕತ್ಲಲ್ಲೂ ಸಂದಾಕ್ ಕಾಣ್ತಿತ್ತು" ಎಂದಳು. "ನಿಮ್ ಮಾವನ್ ಗಾಡಿ ಬರದು ಕಾಣ್ತಲೇ ಇತ್ತು ಅವ್ಳ್ಗೆ. ನಿಲ್ಲಿಸ್ತಾನೆ ಅಂತ ನಿಂತಿದ್ಲು."

ಅದಕ್ಕಿಂತ ಹೆಚ್ಚು ಅಲ್ಲಿ ನಿಲ್ಲಲು ಆಗಲಿಲ್ಲ. ರಸ್ತೆಗೆ ಬಂದು, ಸೇತುವೆಯ ಕಡೆಗೆ ಹೋಗದೆ, ಹೊಲದ ಬದುವಿನ ಮೇಲೆ ಸುತ್ತಿಕೊಂಡು ಬಸ್ಸು ಹಿಡಿದೆ.

ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮಾವ, ಲೆನ್ಸನ್ನು ತೆಗೆದು ಸಾದಾದ್ದು ಹಾಕಲು ಸಾಧ್ಯವಂತೆ. ಸ್ವಲ್ಪ ಅಪಾಯವಿದೆ. ಬೇರೆ ಆಸ್ಪತ್ರೆಯಲ್ಲಿ, ಬೇರೆ ಡಾಕ್ಟರ ಹತ್ತಿರ ತೋರಿಸಿ. ನಾನು ಜೊತೆಗೆ ಬರುವುದಿಲ್ಲ.

ಪ್ರಿಯಾಂಕ

*

ಕ್ಯಾತನಹಳ್ಳಿ
8 ಜೂನ್ 2025

ಪ್ರಿಯಾಂಕಳಿಗೆ,

ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಹೋಗಲಿ ಬಿಡು, ಆದದ್ದಾಯಿತು ಅಂತ ಬರೆಯಲು ಕೂತಿದ್ದೆ. ಕೈ ಬರಲಿಲ್ಲ. ನೀನು ಸುಳ್ಳು ಬರೆದದ್ದನ್ನು ನಾನು ಮುಚ್ಚಲು ಹೋದದ್ದು ನಿನ್ನ ಮೇಲೆ ಕೋಪ ಇಲ್ಲ ಅಂತ ಅಲ್ಲ. ಕೋಪ ಇತ್ತು. ಇದೆ. ನಮ್ಮಕ್ಕನ ಮಗಳು ಅನ್ನುವುದೂ ಇದೆ. ಎರಡನ್ನೂ ಇಟ್ಟುಕೊಂಡು ಇನ್ನು ಬದುಕಬೇಕು.

ಕಣ್ಣನ್ನು ಇನ್ನೊಂದು ಕಡೆ ತೋರಿಸಿದೆ. ಅಲ್ಲಿನ ಡಾಕ್ಟರಮ್ಮ ಒಳ್ಳೆಯವರು. ಎರಡೂ ಲೆನ್ಸು ಚೆನ್ನಾಗಿ ಕೂತಿವೆ, ತೆಗೆಯುವುದಾದರೆ ತೆಗೆಯಬಹುದು, ಕಣ್ಣಿಗೆ ಪೆಟ್ಟಾದರೂ ಆದೀತು ಅಂದರು. ಯೋಚನೆ ಮಾಡಿ ಬನ್ನಿ ಅಂದರು. ಯೋಚನೆ ಮಾಡುವುದೇನಿಲ್ಲ. ನಾನು ಇನ್ನು ಗಾಡಿ ಮುಟ್ಟುವುದಿಲ್ಲ. ಕತ್ತಲಾದ ಮೇಲೆ ಮನೆಯಿಂದ ಆಚೆಗೆ ಹೋಗುವುದಿಲ್ಲ. ಲೋಕೇಶನೇ ಹಾಲು ಸಾಗಿಸುತ್ತಾನೆ, ಆದರೆ ಸೇತುವೆ ಕಡೆಯಿಂದ ಬರುವುದಿಲ್ಲ. ನಾನು ಹೇಳಿದ್ದಲ್ಲ, ಅವನೇ ದಾರಿ ಬದಲಿಸಿಕೊಂಡ.

ಚಿಕ್ಕಸಿದ್ದಯ್ಯ ಹೋದ ತಿಂಗಳು ಬಂದಿದ್ದ. ಅಂಗಳದಲ್ಲಿ ನಿಂತು, "ಆ ಹುಡ್ಗಿ ಹೇಳದ್ದು ದಿಟ್ವಾ?" ಅಂದ. ಸ್ಟೇಷನ್ನಿನಲ್ಲಿ ಬರೆದುಕೊಟ್ಟ ಸುಳ್ಳನ್ನು ಅವನ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ದಿಟ ಅಂದೆ. ಆಮೇಲೆ ಇನ್ನೊಂದು ಮಾತೂ ಹೇಳಿದೆ. ಅದನ್ನು ನಿನಗೂ ಬರೆಯುತ್ತೇನೆ.

ಬಳೆ ಕಾಣುತ್ತಿತ್ತು ಅಂತ ನನಗೆ ಗೊತ್ತಿತ್ತು. ಒಂದೂವರೆ ತಿಂಗಳಿಂದ ಗೊತ್ತಿತ್ತು. ನೀನು ಓಡಿಸು ಅಂದೆ, ನಾನು ಓಡಿಸಿದೆ. ಆದರೆ ಎದುರಿಗೆ ಏನೂ ಕಾಣದಾದಾಗ ಸ್ಟೇರಿಂಗ್ ಹಿಡಿದಿದ್ದವನು ನಾನು. ಆ ಮೈಸೂರಿನ ಕಾಗದಕ್ಕಿಂತ ನನ್ನ ಕಣ್ಣನ್ನು ನಾನು ನಂಬಬೇಕಿತ್ತು. ಲೋಕೇಶ ಕೇಳಿದಾಗಲೇ ಕೀ ಕೊಟ್ಟುಬಿಡಬೇಕಿತ್ತು. ಹದಿನಾಲ್ಕು ವರ್ಷದ ರೂಢಿ, ಬಿಡಲು ಮನಸ್ಸು ಬರಲಿಲ್ಲ. ನೀನು ಬೇಡ ಅನ್ನಲಿ ಅಂತ ಕೇಳಿದ್ದೆನೋ, ಹೂಂ ಅನ್ನಲಿ ಅಂತ ಕೇಳಿದ್ದೆನೋ, ಈಗ ನನಗೂ ಗೊತ್ತಿಲ್ಲ. ಇಷ್ಟು ಅವನಿಗೆ ಹೇಳಿದೆ. ಅವನು ಟವಲು ಒದರಿ ಹೆಗಲಿಗೆ ಹಾಕಿಕೊಂಡು, "ಸರಿ, ಕೋರ್ಟಲ್ಲೂ ಇಂಗೇ ಹೇಳು" ಅಂತ ಹೋದ. ನೀರು ಬೇಕಾ ಅಂತ ನಿಮ್ಮತ್ತೆ ಕೇಳಿದಳು. ಬೇಡ ಅಂದ.

ಜೂನ್ ಹತ್ತೊಂಬತ್ತಕ್ಕೆ ಕೋರ್ಟಿದೆ. ನಿನಗೂ ಸಮನ್ಸ್ ಬಂದಿದೆ ಅಂತ ಅಕ್ಕ ಹೇಳಿದಳು. ಹೋದ ಸಲ ನಮ್ಮ ಕಡೆಯಿಂದ ಹದಿನೆಂಟು ಜನ ಬಂದಿದ್ದರು. ಒಂದು ಬೆಂಚು ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಚಿಕ್ಕಸಿದ್ದಯ್ಯ ಎದುರಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಲತಳಿಗೆ ಕೂಲಿ ಬಿಟ್ಟು ಬರಲು ಆಗಿರಲಿಲ್ಲ.

ನೀನು ಬಂದಾಗ ನನ್ನ ಹತ್ತಿರ ಬರಬೇಡ. ನಮಸ್ಕಾರ ಮಾಡಬೇಡ, ನಿಮ್ಮತ್ತೆಯನ್ನೂ ಮಾತಾಡಿಸಬೇಡ. ನೇರ ಹೋಗಿ ಅವನ ಬೆಂಚಿನಲ್ಲಿ ಕೂರು. ಎದ್ದು ಹೋಗು ಅಂದರೆ ಎದ್ದು ಪಕ್ಕದಲ್ಲಿ ನಿಂತುಕೋ. ನಮ್ಮ ಹೆಸರು ಕೂಗುವವರೆಗೂ ಅಲ್ಲೇ ಇರು.

ಚಿಕ್ಕಸ್ವಾಮಿ